ಕಾರ್ಡಿನ ಬೆನ್ನ ಮೇಲಿನ ಒಪ್ಪ

ಹೋದ ವಾರ ಮೇಜಿನ ಖಾನೆ ಚೊಕ್ಕ ಮಾಡುವಾಗ ಹಳೆಯದೊಂದು ಕ್ರೆಡಿಟ್ ಕಾರ್ಡ್ ಸಿಕ್ಕಿತು. ಅವಧಿ ಮುಗಿದು ಎಷ್ಟೋ ವರ್ಷವಾಗಿದೆ. ಕತ್ತರಿಸಿ ಎಸೆಯೋಣ ಅಂತ ಕತ್ತರಿ ಎತ್ತಿಕೊಂಡವನು, ಅಭ್ಯಾಸಬಲ ನೋಡಿ, ಮೊದಲು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದತೊಡಗಿದೆ. ಶಾಸನ ಓದುವವರ ಚಟ ಸುಲಭಕ್ಕೆ ಬಿಡುವುದಿಲ್ಲ.

ನಮ್ಮ ಕ್ರಮದಲ್ಲೇ ದಾಖಲಿಸುತ್ತೇನೆ. ವಸ್ತು: ಪ್ಲಾಸ್ಟಿಕ್. ಅಳತೆ: ಉದ್ದ 85.60 ಮಿ.ಮೀ., ಅಗಲ 53.98 ಮಿ.ಮೀ., ದಪ್ಪ 0.76 ಮಿ.ಮೀ. ಬ್ಯಾಂಕ್ ಕಾರ್ಡುಗಳಿಗೆ ಜಗತ್ತಿನಾದ್ಯಂತ ಇದೇ ಅಳತೆ. ಮುಂಬದಿಯಲ್ಲಿ ಉಬ್ಬಕ್ಷರಗಳು: ಹದಿನಾರು ಅಂಕಿ, ಅವಧಿ, ನನ್ನ ಹೆಸರು, ಲಿಪಿ ಇಂಗ್ಲಿಷ್. ಒಂದು ಕಡೆ ಮಿನುಗುವ ಹಾಲೋಗ್ರಾಮ್, ನಮ್ಮ ಮಾತಿನಲ್ಲಿ ಮುದ್ರೆ. ಹಿಂಬದಿಯಲ್ಲಿ ಕಪ್ಪು ಮ್ಯಾಗ್ನೆಟಿಕ್ ಪಟ್ಟಿ, ಅದರ ಕೆಳಗೊಂದು ಬಿಳಿ ಪಟ್ಟಿ. ಬಿಳಿ ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಹಾಕಿದ, ಅರ್ಧ ಮಾಸಿದ ನನ್ನ ಸಹಿ. ಅದು ಮಾತ್ರ ಕನ್ನಡದಲ್ಲಿ. ಸಹಿ ಇಲ್ಲದಿದ್ದರೆ ಕಾರ್ಡ್ ಸಿಂಧುವಲ್ಲ ಎಂಬ ಒಕ್ಕಣೆ ಪಕ್ಕದಲ್ಲಿದೆ.

ಆ ಸಹಿಯಿಂದ ಒಮ್ಮೆ ಪೇಚಿಗೆ ಸಿಕ್ಕಿಕೊಂಡಿದ್ದೆ. ಬೆಂಗಳೂರಿನ ಒಂದು ಸೀರೆ ಅಂಗಡಿ. ಕಾರ್ಡ್ ಉಜ್ಜಿ ಆಯಿತು, ಚೀಟಿ ಬಂತು, ನಾನು ಸಹಿ ಹಾಕಿದೆ. ಕ್ಯಾಶಿನಲ್ಲಿದ್ದ ಹುಡುಗ ಚೀಟಿ ನೋಡಿ, ಕಾರ್ಡಿನ ಮುಂಬದಿ ನೋಡಿ, "ಸಾರ್, ಕಾರ್ಡಲ್ಲಿ ಹೆಸರು ಇಂಗ್ಲಿಷಲ್ಲಿದೆ, ನೀವು ಸೈನ್ ಕನ್ನಡದಲ್ಲಿ ಮಾಡಿದ್ದೀರ. ಮ್ಯಾಚ್ ಆಗಲ್ಲ" ಅಂದ. "ಹಿಂದೆ ತಿರುಗಿಸಿ ನೋಡಪ್ಪಾ" ಅಂದೆ. ತಿರುಗಿಸಿದ, ಆದರೂ ಸಮಾಧಾನವಾಗಲಿಲ್ಲ. ಡ್ರೈವಿಂಗ್ ಲೈಸೆನ್ಸ್ ತೋರಿಸಿದ ಮೇಲೆಯೇ ಸೀರೆ ಕೈಗೆ ಬಂದದ್ದು. ನನ್ನ ಹಿಂದೆ ನಿಂತಿದ್ದವರೆಲ್ಲ ನನ್ನನ್ನು ಕಳ್ಳನ ಹಾಗೆ ನೋಡುತ್ತಿದ್ದರು.

ಅವತ್ತು ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಆ ಹುಡುಗನಿಗೆ ವಿಜಯನಗರದ ತಾಮ್ರಪಟ ತೋರಿಸಬೇಕಿತ್ತು ಅಂತ!

ನೀವು ನೋಡಿಯೇ ಇರುತ್ತೀರಿ. ವಿಜಯನಗರದ ಅರಸರ ಬಹುಪಾಲು ತಾಮ್ರಪಟಗಳ ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಕೊಟ್ಟಕೊನೆಗೆ ದೊಡ್ಡಕ್ಷರದಲ್ಲಿ ಬರುವ "ಶ್ರೀ ವಿರೂಪಾಕ್ಷ" ಎಂಬ ಅಂಕಿತ ಮಾತ್ರ ಕನ್ನಡ ಲಿಪಿಯಲ್ಲಿ. ಒಕ್ಕಣೆ ಒಂದು ಲಿಪಿ, ಒಪ್ಪ ಇನ್ನೊಂದು ಲಿಪಿ. ನನ್ನ ಕಾರ್ಡ್ ಇದ್ದದ್ದೂ ಹಾಗೆಯೇ ತಾನೇ? ಇನ್ನೂ ಹಿಂದಕ್ಕೆ ಹೋದರೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ. ಇಡೀ ಬರಹ ಬ್ರಾಹ್ಮಿಯಲ್ಲಿದೆ. ಬರೆದ ಚಪಡ ತನ್ನ ಹೆಸರನ್ನೂ ಬ್ರಾಹ್ಮಿಯಲ್ಲೇ ಬರೆದು, ಕೊನೆಗೆ 'ಲಿಪಿಕಾರ' ಎಂಬ ತನ್ನ ವೃತ್ತಿಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದ.

ಇಷ್ಟಕ್ಕೇ ನಿಂತರೆ ಇದು ಚಮತ್ಕಾರದ ಮಾತಾಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಆ ಒಪ್ಪ ಯಾರ ಗುರುತು?

"ಶ್ರೀ ವಿರೂಪಾಕ್ಷ" ಎಂಬ ಅಂಕಿತ ಅರಸನನ್ನು ಹೆಸರಿಸುವುದಲ್ಲ, ಅದು ಹಂಪೆಯ ದೇವರ ಹೆಸರು. ಸಂಗಮರು ಹಾಕಿದ ಆ ಅಂಕಿತವನ್ನೇ ತುಳುವ ವಂಶದ ಕೃಷ್ಣದೇವರಾಯನೂ ಅಚ್ಯುತರಾಯನೂ ಹಾಕಿದರು. ಊರಿನ ಮಹಾಜನರು ಒಪ್ಪ ಹಾಕುವಾಗಲೂ ಎಷ್ಟೋ ಕನ್ನಡ ಶಾಸನಗಳಲ್ಲಿ ಕಾಣುವುದು ಊರ ದೇವರ ಹೆಸರೇ. ತಾಮ್ರದ ಮೇಲೆ ನಮಗೆ ಕಾಣುವ ಅಕ್ಷರವೋ, ಕೆತ್ತಿದ ಆಚಾರಿಯ ಕೈಯದು. ಅಂದಮೇಲೆ ಆ ಸಹಿಯನ್ನು ಇನ್ನೊಂದರ ಜೊತೆ ಇಟ್ಟು 'ಇದು ಇಂಥವನದೇ ಕೈ' ಅಂತ ಹೋಲಿಸಿ ನೋಡುವ ಮಾತೇ ಇಲ್ಲ. ಒಪ್ಪ ಎಂಬ ಪದದಲ್ಲೇ ಉತ್ತರ ಇದೆ. ಒಪ್ಪಿದ್ದೇನೆ ಎನ್ನುವುದು ಅದರ ಕೆಲಸ. ನಾನು ಯಾರು ಎಂದು ಸಾಬೀತು ಮಾಡುವುದಲ್ಲ.

ಸಾಬೀತು ಮಾಡುವ ಕೆಲಸವನ್ನು ಹಳಬರು ಬೇರೆಬೇರೆಯವರಿಗೆ ಹಂಚಿದ್ದರು. ಪಟಗಳನ್ನು ಕೋದ ಬಳೆಯ ಮೇಲೆ ಮುದ್ರೆ: ಗಂಗರಿಗೆ ಆನೆ, ಬಾದಾಮಿ ಚಾಲುಕ್ಯರಿಗೆ ವರಾಹ. ದಾನದ ಭೂಮಿಯ ಎಲ್ಲೆಯನ್ನು ಮರ, ಕಲ್ಲು, ಹಳ್ಳ ಹೆಸರಿಸಿ ಹೇಳುವುದು. ಸಾಕ್ಷಿಗಳು. ರಚಿಸಿದವನ, ಕೆತ್ತಿದವನ ಹೆಸರು. ಅಚ್ಯುತರಾಯನ ಕಾಲದ ಪಟಗಳಲ್ಲಿ ಸಭಾಪತಿ, ವೀರಣಾಚಾರ್ಯ ಎಂಬ ಹೆಸರುಗಳು ಹೀಗೆ ಬರುತ್ತವೆ. ಎಲ್ಲಕ್ಕಿಂತ ಮೇಲೆ ಸೂರ್ಯಚಂದ್ರರ ಸಾಕ್ಷಿ, ಅಳಿದವನಿಗೆ ಶಾಪ.

ಬ್ಯಾಂಕ್ ಕಾರ್ಡ್ ಮಾಡಿದ ಎಡವಟ್ಟು ಇಲ್ಲೇ ಇದೆ. ಒಪ್ಪಿಗೆಯನ್ನೂ ಗುರುತನ್ನೂ ಒಂದೇ ಬಿಳಿ ಪಟ್ಟಿಯ ಮೇಲೆ ಹೇರಿ, ಪರೀಕ್ಷೆ ಮಾಡುವ ಹೊಣೆಯನ್ನು ಕ್ಯಾಶಿನ ಹುಡುಗನಿಗೆ ಬಿಟ್ಟಿತು. ಅವನ ಹಿಂದೆ ಸಾಲು ನಿಂತಿದೆ, ಅವನೇನು ಹಸ್ತಾಕ್ಷರ ತಜ್ಞನಲ್ಲ. ಕಾರ್ಡ್ ಕದ್ದವನ ಎದುರಿಗೇ ಮಾದರಿ ಸಹಿ ಇರುತ್ತದೆ, ನೋಡಿಕೊಂಡು ತಿದ್ದಿದರಾಯಿತು. ಅಮೆರಿಕದಲ್ಲಿ ಕೆಲವರು ಸಹಿಯ ಜಾಗದಲ್ಲಿ 'ಗುರುತಿನ ಚೀಟಿ ಕೇಳಿ' ಅಂತ ಬರೆದಿಡುತ್ತಿದ್ದರು. ಜಾಣತನವೇ, ಆದರೆ ಕಾರ್ಡ್ ಕಂಪನಿಗಳ ನಿಯಮದಂತೆ ಅದು ಸಹಿ ಇಲ್ಲದ ಕಾರ್ಡ್. ಷರತ್ತುಗಳಿಗೆ ಒಪ್ಪಿದ್ದೇನೆ ಎಂಬ ಗುರುತು ಅಲ್ಲಿಲ್ಲವಲ್ಲ! ಕಂಪನಿಗೂ ಕೊನೆಗೆ ಬೇಕಾಗಿದ್ದದ್ದು ಒಪ್ಪವೇ.

ಮುಂದಿನದು ನಿಮಗೆ ಗೊತ್ತಿರುವ ಕಥೆ. ಮ್ಯಾಗ್ನೆಟಿಕ್ ಪಟ್ಟಿಯನ್ನು ನಕಲು ಮಾಡುವುದು ಸುಲಭವಾದಾಗ ಚಿಪ್ ಬಂತು, ಸಹಿಯ ಬದಲು ಪಿನ್ ಬಂತು. ಬ್ರಿಟನ್ನಿನಲ್ಲಿ 2006ರ ಫೆಬ್ರವರಿ 14ರಿಂದ ಚಿಪ್ ಕಾರ್ಡಿಗೆ ಪಿನ್ ಕಡ್ಡಾಯವಾಯಿತು. ನಮ್ಮಲ್ಲಿ ರಿಸರ್ವ್ ಬ್ಯಾಂಕಿನ ಆದೇಶದಂತೆ 2013ರ ಡಿಸೆಂಬರ್ 1ರಿಂದ ಅಂಗಡಿಗಳಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಒತ್ತಲೇಬೇಕಾಯಿತು. 2018ರ ಏಪ್ರಿಲ್‌ನಲ್ಲಿ ಅಮೆರಿಕದ ದೊಡ್ಡ ಕಾರ್ಡ್ ಕಂಪನಿಗಳೇ ಸಹಿಯ ಕಡ್ಡಾಯವನ್ನು ಕೈಬಿಟ್ಟವು. 2021ರ ಜನವರಿ 1ರಿಂದ ನಮ್ಮಲ್ಲಿ 5000 ರೂಪಾಯಿವರೆಗೆ ಕಾರ್ಡನ್ನು ಯಂತ್ರಕ್ಕೆ ತಾಗಿಸಿದರೆ ಸಾಕು; ಸಹಿಯೂ ಬೇಡ, ಪಿನ್ನೂ ಬೇಡ.

ಹಾಗಾದರೆ ಈಗ ಕಳ್ಳನನ್ನು ಹಿಡಿಯುವುದು ಹೇಗೆ? ಕೂಟಶಾಸನಗಳನ್ನು ಹಿಡಿದ ಹಾಗೆಯೇ. ಜೆ. ಎಫ್. ಫ್ಲೀಟ್ ಗಂಗರ ಹಲವು ತಾಮ್ರಪಟಗಳನ್ನು ಕೂಟ ಎಂದಾಗ, ಬಿ. ಎಲ್. ರೈಸ್ ಅದನ್ನು ಒಪ್ಪದೆ ವಾದಿಸಿದಾಗ, ಇಬ್ಬರೂ ಅರಸನ ಸಹಿಯ ಮೇಲೆ ಜಗಳ ಆಡಲಿಲ್ಲ. ಅಕ್ಷರದ ರೂಪ ಆ ಕಾಲದ್ದೇ? ಕೊಟ್ಟ ತಿಥಿ, ವಾರ ಹೊಂದುತ್ತವೆಯೇ? ವಂಶಾವಳಿ ಬೇರೆ ಶಾಸನಗಳ ಜೊತೆ ಕೂಡುತ್ತದೆಯೇ? ಬ್ಯಾಂಕಿನ ಕಂಪ್ಯೂಟರ್ ಕೇಳುವುದೂ ಇಂಥದ್ದನ್ನೇ: ಬೆಳಿಗ್ಗೆ ಮೈಸೂರಿನಲ್ಲಿ ಉಜ್ಜಿದ ಕಾರ್ಡ್ ಮಧ್ಯಾಹ್ನ ಬೇರೆ ಖಂಡದಲ್ಲಿ ಹೇಗೆ ಉಜ್ಜಿತು? ಕಾಲ, ದೇಶ, ರೂಢಿ ತಾಳೆಯಾಗದಿದ್ದರೆ ಅನುಮಾನ.

ಆದರೆ ಸಹಿ ಹೋದದ್ದರಿಂದ ಒಂದು ನಷ್ಟವೂ ಆಗಿದೆ. ಚೀಟಿಯ ಮೇಲಿನ ಸಹಿ ಅಂಗಡಿಯಲ್ಲಿ ಕಳ್ಳನನ್ನು ತಡೆಯದಿರಬಹುದು, ಆದರೆ ಜಗಳ ಬಂದ ದಿನ ಮಾತಾಡುತ್ತಿತ್ತು. 'ಇದು ನನ್ನ ಕೈಬರಹ ಅಲ್ಲ' ಅಂತ ನಾನು ಹೇಳಬಹುದಿತ್ತು. ಕಾಗದ ಇದ್ದರೆ ಪರೀಕ್ಷೆ ಆಗುತ್ತಿತ್ತು. ನಾಲ್ಕು ಅಂಕಿಯ ಪಿನ್ನಿಗೆ ಕೈಬರಹವೇ ಇಲ್ಲ. ಯಾರು ಒತ್ತಿದರೂ ಅದೇ ಅಂಕಿ. "ಪಿನ್ ಸರಿ ಇದೆ, ಅಂದಮೇಲೆ ನೀವೇ ಒತ್ತಿದ್ದು" ಎಂಬ ಮಾತಿಗೆ ಸಾಮಾನ್ಯ ಮನುಷ್ಯ ಏನು ಉತ್ತರ ಕೊಟ್ಟಾನು?

ಇದಕ್ಕೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಒಂದು ಉತ್ತರ ಕೊಟ್ಟಿತು. ಅನಧಿಕೃತ ವಹಿವಾಟಿನಲ್ಲಿ ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಗ್ರಾಹಕನದೂ ಅಲ್ಲದ, ಬ್ಯಾಂಕಿನದೂ ಅಲ್ಲದ ಲೋಪದಿಂದ ಹಣ ಹೋಗಿದ್ದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನು ನಷ್ಟ ಹೊರಬೇಕಿಲ್ಲ. ಪಿನ್ನನ್ನು ತಾನೇ ಇನ್ನೊಬ್ಬರಿಗೆ ಹೇಳಿದ್ದರೆ ಮಾತ್ರ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ. ಮನೆಯ ಹಿರಿಯರಿಗೆ ಇದನ್ನೊಂದು ಸಲ ಬಿಡಿಸಿ ಹೇಳಿಡಿ. ಮೊಬೈಲಿಗೆ ಬರುವ ಆ ಸಂದೇಶವನ್ನು ಅಳಿಸಬೇಡಿ. ಈ ಕಾಲದ ಸಾಕ್ಷಿ ಅಂದರೆ ಅದೇ.

ಕಾರ್ಡನ್ನು ಕತ್ತರಿಸಿದೆ. ಉಬ್ಬಕ್ಷರದ ಅಂಕಿ, ಕಪ್ಪು ಪಟ್ಟಿ ಚೂರುಚೂರಾಗಿ ಕಸಕ್ಕೆ ಹೋದವು. ಕನ್ನಡದ ಸಹಿ ಇದ್ದ ತುಂಡನ್ನು ಮಾತ್ರ ತೆಗೆದು, ಹಳೆಯ ಪಡಿಯಚ್ಚುಗಳ ಫೈಲಿನಲ್ಲಿ ಸೇರಿಸಿ ಇಟ್ಟಿದ್ದೇನೆ.