ಅಳೆಯುವ ಪೆಟ್ಟಿಗೆಯಲ್ಲೊಂದು ಬಲ್ಬು

ಆಂಪ್ಲಿಫೈಯರ್ ಅಳೆಯೋಕೆ ಯಾವ ಉಪಕರಣ ಕೊಳ್ಳೋದು ಅಂತ ಗೆಳೆಯರು ಕೇಳಿದಾಗಲೆಲ್ಲ ನಾನು 1939ರ ಕತೆ ಹೇಳ್ತೀನಿ.

ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದ ಒಂದು ಗ್ಯಾರೇಜಿನಲ್ಲಿ ಬಿಲ್ ಹ್ಯೂಲೆಟ್ ಮತ್ತು ಡೇವ್ ಪ್ಯಾಕರ್ಡ್ ಮಾಡ್ತಿದ್ದದ್ದು ಕಂಪ್ಯೂಟರ್ ಅಲ್ಲ, ಆಡಿಯೊ ಆಸಿಲೇಟರ್. ಅಂದರೆ ಒಂದೇ ಶುದ್ಧ ಸ್ವರ ಹೊರಡಿಸುವ ಪೆಟ್ಟಿಗೆ. ಅದನ್ನು ಆಂಪ್ಲಿಫೈಯರಿಗೆ ಕೊಟ್ಟು, ಹೊರಬಂದದ್ದರಲ್ಲಿ ಎಷ್ಟು ಕಲಬೆರಕೆ ಅಂತ ನೋಡಬೇಕು. ಕೊಟ್ಟ ಸ್ವರವೇ ಕಲಬೆರಕೆಯಾದರೆ? ನಮ್ಮೂರಲ್ಲಿ ರಾಗಿ ಅಳೆಯುವ ಮೊದಲು ಸೇರಿನ ತಳ ಮುಟ್ಟಿ ನೋಡ್ತಿದ್ದದ್ದು ಇದಕ್ಕೇ.

ಆಸಿಲೇಟರಿನಲ್ಲಿ ಗೇನ್ ಕಡಿಮೆಯಾದರೆ ಸ್ವರ ಸತ್ತುಹೋಗುತ್ತೆ, ಹೆಚ್ಚಾದರೆ ಅಲೆಯ ತಲೆ ಚಪ್ಪಟೆಯಾಗುತ್ತೆ. ಸ್ಟ್ಯಾನ್‌ಫರ್ಡಿನಲ್ಲಿ ಓದುವಾಗಲೇ ಹ್ಯೂಲೆಟ್ ಇದಕ್ಕೆ ಉಪಾಯ ಕಂಡುಕೊಂಡಿದ್ದರು: ಸರ್ಕ್ಯೂಟಿನೊಳಗೊಂದು ಪುಟ್ಟ ಬಲ್ಬು. ಸ್ವರ ಜೋರಾದರೆ ಬಲ್ಬಿನ ತಂತಿ ಬಿಸಿಯಾಗಿ ರೆಸಿಸ್ಟೆನ್ಸ್ ಏರುತ್ತೆ, ಗೇನ್ ತಾನಾಗಿ ಇಳಿಯುತ್ತೆ. ಕುಗ್ಗಿದರೆ ತಂತಿ ತಣ್ಣಗಾಗಿ ಗೇನ್ ಏರುತ್ತೆ.

200ಎ ಹೆಸರಿನ ಆ ಪೆಟ್ಟಿಗೆಯ ಬೆಲೆ 54.40 ಡಾಲರ್. ಪೈಪೋಟಿಯವರದು 200 ಡಾಲರಿಗೂ ಮೇಲೆ. 1940ರಲ್ಲಿ ತೆರೆಕಂಡ 'ಫ್ಯಾಂಟೇಸಿಯಾ' ಚಿತ್ರದ ಧ್ವನಿ ವ್ಯವಸ್ಥೆ ಪರೀಕ್ಷಿಸಲು ಡಿಸ್ನಿಯವರು ಅದರ ಮುಂದಿನ ಮಾದರಿ 200ಬಿಯನ್ನು ಎಂಟು ಕೊಂಡರು.

ಬಲ್ಬಿನ ಕಾಲ ಹೋಯ್ತು, ಲೆಕ್ಕ ಹಳೆಯದೇ. ನಿಮ್ಮ ಆಂಪ್ಲಿಫೈಯರಿನ ಡಿಸ್ಟಾರ್ಷನ್ 0.01% ಇದ್ದರೆ, ಅಳೆಯುವ ಪೆಟ್ಟಿಗೆಯದು ಅದರ ಹತ್ತನೇ ಒಂದು ಭಾಗ, 0.001% ಆಸುಪಾಸಿನಲ್ಲಿರಲಿ. ಪರದೆ ಎಷ್ಟು ದೊಡ್ಡದು, ಗುಂಡಿ ಎಷ್ಟು ಅನ್ನೋದೆಲ್ಲ ಆಮೇಲೆ. ಮೊದಲು ಸೇರಿನ ತಳ ಮುಟ್ಟಿ ನೋಡಿ.