ಅರಗು ಒಡೆದಿದ್ದರೆ ಮುಟ್ಟಬೇಡ

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಒಂದು ತಗಡಿನ ಪೆಟ್ಟಿಗೆ ಇದೆ. ಹೋದ ಯುಗಾದಿಗೆ ಸುಣ್ಣ ಬಳಿಯುವಾಗ ಕೆಳಗಿಳಿಸಿದೆವು. ಪಹಣಿ, ಕಂದಾಯದ ರಸೀದಿಗಳ ಅಡಿಯಲ್ಲಿ ಒಂದು ದಪ್ಪ ಲಕ್ಕೋಟೆ ಇತ್ತು. ಅಂಚನ್ನು ಕತ್ತರಿಸಿ ತೆರೆದಿದ್ದರು. ಬೆನ್ನ ಮೇಲೆ ಕಡುಗೆಂಪು ಬಣ್ಣದ ಐದು ಬಿಲ್ಲೆಗಳು ಹಾಗೇ ಅಂಟಿಕೊಂಡಿದ್ದವು.

"ಅದು ಅರಗು ಕಣೋ. ನಿಮ್ಮಜ್ಜನಿಗೆ ಓದೋಕೆ ಬರ್ತಿರಲಿಲ್ಲ. ಅಂಚೆಯವರು ಇಂಥದ್ದು ತಂದ್ರೆ ಮೊದ್ಲು ತಿರುಗಿಸಿ ಬೆನ್ನು ನೋಡೋರು. ಅರಗು ಒಡೆದಿದ್ರೆ ಮುಟ್ಟಬೇಡ ಅಂತ ನಂಗೂ ಹೇಳಿದ್ರು" ಅಂದರು ಅಜ್ಜಿ.

ಒಳಗೇನು ಬರೆದಿದೆ ಎಂದು ತಿಳಿಯಲು ಅಜ್ಜನಿಗೆ ಬೇರೆಯವರ ಸಹಾಯ ಬೇಕಿತ್ತು. ಆದರೆ ಮಧ್ಯೆ ಯಾರಾದರೂ ಕೈ ಹಾಕಿದ್ದಾರೆಯೇ ಎಂದು ಅವರೇ ನೋಡಿ ಹೇಳುತ್ತಿದ್ದರು. ಅರಗಿನ ಮುದ್ರೆಯ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲೇ ಇದೆ. ಅದು ಬೀಗವಲ್ಲ, ಯಾರು ಬೇಕಾದರೂ ಒಡೆಯಬಹುದು. ಆದರೆ ಒಡೆದದ್ದನ್ನು ಮುಚ್ಚಿಡುವುದು ಕಷ್ಟ.

ಅರಗು ಎಂದರೆ ನಮಗೆ ಮೊದಲು ನೆನಪಾಗುವುದು ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆ. ಈ ಅರಗು ಮೇಣವಲ್ಲ. ಮುತ್ತುಗ, ಬೋರೆಯಂಥ ಮರಗಳ ಎಳೆ ರೆಂಬೆಗಳಿಗೆ ಒಂದು ಸಣ್ಣ ಹುಳು ಗುಂಪುಗುಂಪಾಗಿ ಅಂಟಿಕೊಂಡು ರಸ ಹೀರುತ್ತದೆ. ತನ್ನ ಮೈ ಮೇಲೆ ಅಂಟಿನಂಥ ಕವಚ ಕಟ್ಟಿಕೊಳ್ಳುತ್ತದೆ. ರೆಂಬೆ ಕಡಿದು, ಆ ಕವಚವನ್ನು ಕೆರೆದು, ತೊಳೆದು, ಕಾಯಿಸಿ ಸೋಸಿದರೆ ಸಿಗುವುದೇ ಅರಗು. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದು ಇದೇ. ಅಕ್ಕಸಾಲಿಗರು ಟೊಳ್ಳು ಒಡವೆಯೊಳಗೆ ತುಂಬುವುದೂ ಇದೇ.

ಹಿಂದಿಯಲ್ಲಿ ಇದಕ್ಕೆ ಲಾಖ್ ಎನ್ನುತ್ತಾರೆ. ಮರಾಠಿಯ ಲಖೋಟಾ ಎಂದರೆ ಮುಚ್ಚಿ ಮುದ್ರೆ ಹಾಕಿದ ಪತ್ರ. ನಾವು ದಿನಾ ಆಡುವ ಲಕ್ಕೋಟೆ ಪದದಲ್ಲಿ ಅರಗು ಕೂತಿದೆ.

ಅಕ್ಬರನ ಆಸ್ಥಾನದ ವಿವರಗಳನ್ನು ಬರೆದಿಟ್ಟ ಅಬುಲ್ ಫಜಲ್, 'ಐನ್-ಇ-ಅಕ್ಬರಿ'ಯಲ್ಲಿ ಫರ್ಮಾನುಗಳಿಗೆ ಮುದ್ರೆ ಹಾಕುವ ಕ್ರಮವನ್ನೂ ಹೇಳಿದ್ದಾನೆ. ಕೈಯಲ್ಲಿ ಮಾಡಿದ ಕಾಗದದ ಮೇಲೆ ಬರೆದು, ಮಡಚಿ, ಗಂಟು ಹಾಕಿ, ಗಂಟಿನ ಮೇಲೆ ಮುದ್ರೆ ಒತ್ತುತ್ತಿದ್ದರು. ಬಳಸುತ್ತಿದ್ದುದು ಬೋರೆ, ಆಲ, ಅರಳಿ ಮುಂತಾದ ಮರಗಳಿಂದ ಬಂದ ಅಂಟು. ಬೆಂಕಿಗೆ ಹಿಡಿದರೆ ಮೆತ್ತಗಾಗಿ, ಆರಿದ ಮೇಲೆ ಗಟ್ಟಿಯಾಗುವ ವಸ್ತು. ನಮ್ಮೂರ ಕಟ್ಟೆಯ ಮರಗಳೇ ಬಾದಶಹನ ಆಜ್ಞೆಗೂ ಕಾವಲಿದ್ದವು.

ಯುರೋಪಿನಲ್ಲಿ ಆಗ ಬಹುಕಾಲದಿಂದ ಜೇನುಮೇಣದ ಮುದ್ರೆಗಳಿದ್ದವು. 1215ರಲ್ಲಿ ಇಂಗ್ಲೆಂಡಿನ ರಾಜ ಜಾನ್ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರಕ್ಕೆ ಒಪ್ಪಿಗೆ ಕೊಟ್ಟದ್ದು ರುಜು ಹಾಕಿ ಅಲ್ಲ, ಮೇಣದ ಮುದ್ರೆಯಿಂದ. ಆದರೆ ಜೇನುಮೇಣ ಮೆತ್ತನೆಯದು. ಸುಮಾರು 62 ಡಿಗ್ರಿ ಬಿಸಿಗೆ ಕರಗಿಬಿಡುತ್ತದೆ, ಅದಕ್ಕೂ ಮೊದಲೇ ಬಾಗುತ್ತದೆ. ಅರಗು ಬಾಗುವುದಿಲ್ಲ, ಚೂರಾಗುತ್ತದೆ. ಪತ್ರ ಕಾಯಲು ಬೇಕಾದ ಗುಣ ಅದೇ.

ಹಡಗುಗಳು ನಮ್ಮ ಅರಗನ್ನು ಆ ಕಡೆ ಒಯ್ಯತೊಡಗಿದ ಮೇಲೆ ಅಲ್ಲಿನ ಪತ್ರಗಳಲ್ಲಿ ಮೇಣದ ಜಾಗಕ್ಕೆ ಅರಗು ಬಂತು. 17ನೇ ಶತಮಾನದಲ್ಲಿ ಇಲ್ಲಿ ಸುತ್ತಾಡಿದ ಫ್ರೆಂಚ್ ರತ್ನವ್ಯಾಪಾರಿ ಟ್ಯಾವರ್ನಿಯರ್ ಸೂರತ್‌ನಲ್ಲಿ ಕಂಡದ್ದನ್ನು ಬರೆದಿದ್ದಾನೆ. ಕೆಂಪು ಬಣ್ಣ ತೆಗೆದ ಮೇಲೆ ಉಳಿದ ಅರಗನ್ನು ಹೆಂಗಸರು ಶುದ್ಧ ಮಾಡಿ, ಬೇಕಾದ ಬಣ್ಣ ಸೇರಿಸಿ, ಕಡ್ಡಿಗಳಾಗಿ ಹೊಸೆದು ಜೀವನ ಮಾಡುತ್ತಿದ್ದರು. ಇಂಗ್ಲಿಷ್ ಮತ್ತು ಡಚ್ ಕಂಪನಿಗಳು ಅದನ್ನು ಕೊಂಡು ಒಯ್ಯುತ್ತಿದ್ದವು. ಫ್ರಾನ್ಸಿನಲ್ಲಿ ಅಂಥ ಕಡ್ಡಿಗೆ ಏನೆನ್ನುತ್ತಿದ್ದರು ಗೊತ್ತೇ? ಸ್ಪೇನಿನ ಮೇಣ! ಅದರಲ್ಲಿ ಸ್ಪೇನೂ ಇಲ್ಲ, ಮೇಣವೂ ಇಲ್ಲ. ಹೊಸೆದ ಹೆಂಗಸರ ಹೆಸರಂತೂ ಎಲ್ಲೂ ಇಲ್ಲ.

ಅರಗು ಹಾಕುವುದಕ್ಕೂ ಕೈ ಪಳಗಿರಬೇಕು. ಮೊದಲು ದಾರವನ್ನು ಬಿಗಿಯಾಗಿ ಕಟ್ಟಿ, ಗಂಟು ಸರಿಯಾಗಿ ಅರಗಿನ ಅಡಿಗೆ ಬರುವಂತೆ ನೋಡಿಕೊಳ್ಳಬೇಕು. ಕಡ್ಡಿಯನ್ನು ಉರಿಯೊಳಗೇ ಇಟ್ಟರೆ ಮಸಿ ಹಿಡಿದು ಕಪ್ಪಾಗುತ್ತದೆ. ಉರಿಯ ಪಕ್ಕಕ್ಕೆ ಹಿಡಿದು ತಿರುಗಿಸುತ್ತಾ ಇರಬೇಕು. ಬಹಳ ಹೊತ್ತು ಕಾಯಿಸಿದರೆ ಅರಗು ಕೆಡುತ್ತದೆ, ಮತ್ತೆ ಸರಿಯಾಗಿ ಕರಗುವುದಿಲ್ಲ. ತೊಟ್ಟಿಕ್ಕಿದ ಅರಗನ್ನು ಕಡ್ಡಿಯ ತುದಿಯಿಂದಲೇ ದುಂಡಗೆ ಹರಡಿ, ಒಂದೆರಡು ಕ್ಷಣ ಬಿಟ್ಟು, ಒದ್ದೆ ಮಾಡಿದ ಹಿತ್ತಾಳೆ ಮೊಹರನ್ನು ನೇರವಾಗಿ ಒತ್ತಬೇಕು. ಒಣ ಮೊಹರು, ಬಿಸಿ ಮೊಹರು ಅಂಟಿಕೊಳ್ಳುತ್ತದೆ. ತಣ್ಣನೆಯ ಲೋಹ ಬಿಸಿಯನ್ನು ಬೇಗ ಎಳೆದುಕೊಂಡು ಅಚ್ಚನ್ನು ಗಟ್ಟಿ ಮಾಡುತ್ತದೆ. ಅವಸರಪಟ್ಟು ಎತ್ತಿದರೆ ಅಕ್ಷರ ಕಲಸಿಹೋಗುತ್ತದೆ.

ಇದಕ್ಕೂ ಮೋಸ ಮಾಡುವವರಿದ್ದರು. ಕಾದ ಚಾಕುವಿನಿಂದ ಮುದ್ರೆಯನ್ನು ಅಡಿಯಿಂದ ಬಿಡಿಸಿ ಮತ್ತೆ ಅಂಟಿಸುವುದು, ಅಚ್ಚಿನ ನಕಲು ತೆಗೆಯುವುದು ಎಲ್ಲ ನಡೆಯುತ್ತಿತ್ತು. ಪತ್ರ ಸಾಗಿಸುವವರನ್ನೇ ಪೂರ್ತಿ ನಂಬುವಂತಿರಲಿಲ್ಲ. ನಮ್ಮ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಅಂಚೆಯ ಸಿಬ್ಬಂದಿ ಪತ್ರದ ಜೊತೆಗೆ ಊರೂರ ಸುದ್ದಿಯನ್ನೂ ಅರಸರಿಗೆ ಮುಟ್ಟಿಸುತ್ತಿದ್ದರು.

ಸಾಮಾನ್ಯ ಪತ್ರಗಳಿಂದ ಅರಗನ್ನು ಓಡಿಸಿದ್ದು ಅಗ್ಗದ ಅಂಚೆ. ಮೊದಲು ಬ್ರಿಟನ್ನಿನಲ್ಲಿ ಹಾಳೆ ಎಣಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದರು. ಲಕ್ಕೋಟೆಯೂ ಒಂದು ಹಾಳೆಯಾಗಿ ಲೆಕ್ಕಕ್ಕೆ ಬರುತ್ತಿದ್ದರಿಂದ, ಪತ್ರವನ್ನೇ ಮಡಚಿ ಅರಗು ಹಾಕುತ್ತಿದ್ದರು. 1840ರಲ್ಲಿ ಅಲ್ಲಿ ತೂಕದ ಮೇಲೆ ದರ ಬಂತು. 1854ರಲ್ಲಿ ನಮ್ಮ ದೇಶಕ್ಕೂ ಅರ್ಧ ಆಣೆಯ ಏಕರೂಪ ದರ ಬಂತು. ಗೋಂದು ಹಚ್ಚಿದ ಲಕ್ಕೋಟೆ ಬಂದ ಮೇಲೆ ದೀಪ, ಕಡ್ಡಿ, ಮೊಹರು ಯಾರಿಗೆ ಬೇಕು?

ಆದರೂ ಅರಗು ಸತ್ತಿಲ್ಲ. ಮತದಾನದ ಸಂಜೆ ನಿಮ್ಮೂರ ಶಾಲೆಯಲ್ಲಿ ಮೇಷ್ಟ್ರು ಮೇಣದಬತ್ತಿ ಹಚ್ಚಿಕೊಂಡು ಮತಯಂತ್ರದ ಪೆಟ್ಟಿಗೆಗೆ ಒತ್ತುವುದು ಅರಗಿನ ಮುದ್ರೆಯನ್ನೇ. ಪಕ್ಷಗಳ ಏಜೆಂಟರೂ ಅಲ್ಲಿ ತಮ್ಮ ಮೊಹರು ಹಾಕಬಹುದು. 1908ರ ನೋಂದಣಿ ಕಾಯ್ದೆಯಂತೆ ಉಯಿಲನ್ನು ಮುದ್ರೆ ಹಾಕಿದ ಲಕ್ಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಗೆ ಒಪ್ಪಿಸಬಹುದು. ಅವರು ಅದನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಪಂಚನಾಮೆ. ಊರಲ್ಲಿ ಏನಾದರೂ ಆದಾಗ ಪೊಲೀಸರು ನಿಮ್ಮನ್ನೋ ನನ್ನನ್ನೋ ಪಂಚರಾಗಿ ಕರೆಯುತ್ತಾರೆ. ವಸ್ತುವನ್ನು ಬಟ್ಟೆಯಲ್ಲಿ ಕಟ್ಟಿ, ಅರಗು ಹಾಕಿ, ಒಂದು ಅಕ್ಷರದ ಮೊಹರು ಒತ್ತುತ್ತಾರೆ. ಪ್ರಯೋಗಾಲಯಕ್ಕೆ ಕಳಿಸುವಾಗ ಮೊಹರಿನ ಮಾದರಿಯನ್ನೂ ಕಳಿಸುತ್ತಾರೆ. ಅಲ್ಲಿ ಎರಡನ್ನೂ ಹೋಲಿಸಿ ನೋಡುತ್ತಾರೆ. ಮುಂದೆ ನ್ಯಾಯಾಲಯದಲ್ಲಿ, ಮುದ್ರೆ ನಿಮ್ಮೆದುರಿಗೇ ಹಾಕಿದರೇ ಎಂದು ವಕೀಲರು ಕೇಳುವುದು ನಿಮ್ಮನ್ನೇ. ಒಬ್ಬ ನಿರಪರಾಧಿ ಜೈಲಿಗೆ ಹೋಗುವುದು ಅಥವಾ ಅಪರಾಧಿ ತಪ್ಪಿಸಿಕೊಳ್ಳುವುದು ಆ ಒಂದು ಉತ್ತರದ ಮೇಲೆ ನಿಲ್ಲಬಹುದು.

ಹಾಗಾಗಿ ಸಹಿ ಹಾಕುವ ಮೊದಲು ಅರಗು ಕರಗುವವರೆಗೆ ಕಾಯಿರಿ. ಗಂಟು ಅದರ ಅಡಿಗೆ ಬಂತೇ, ಅಕ್ಷರ ಸ್ಪಷ್ಟವಾಗಿ ಮೂಡಿತೇ ನೋಡಿ. ಓದಲು ಬಾರದ ನನ್ನ ಅಜ್ಜ ಪ್ರತಿ ಸಲವೂ ತಿರುಗಿಸಿ ನೋಡುತ್ತಿದ್ದರು. ಓದಲು ಬರುವ ನಾವು ನೋಡದೆ ಸಹಿ ಹಾಕಿದರೆ ಹೇಗೆ?