ಕೃತಕ ಬುದ್ಧಿಮತ್ತೆಯ ತರಬೇತಿ ಮತ್ತು ನೋಂದಣಿಯಿಲ್ಲದ ಪುಸ್ತಕ

ಕೃತಕ ಬುದ್ಧಿಮತ್ತೆಯ ತರಬೇತಿಗೆಂದು ಆಂಥ್ರೋಪಿಕ್ ಕಂಪನಿ ಪುಸ್ತಕಗಳನ್ನು ಎರಡು ದಾರಿಯಲ್ಲಿ ಕೂಡಿಹಾಕಿತ್ತು. ಲಕ್ಷಾಂತರ ಮುದ್ರಿತ ಪುಸ್ತಕಗಳನ್ನು ದುಡ್ಡು ಕೊಟ್ಟು ಕೊಂಡು, ಬೈಂಡಿಂಗ್ ಬಿಚ್ಚಿ, ಹಾಳೆಗಳನ್ನು ಅಳತೆಗೆ ಕತ್ತರಿಸಿ, ಸ್ಕ್ಯಾನ್ ಮಾಡಿ, ಕಾಗದವನ್ನು ಎಸೆಯಿತು. 70 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಲಿಬ್‌ಜೆನ್‌ನಂಥ ಕಳ್ಳ ಸಂಗ್ರಹಗಳಿಂದ ಬಿಟ್ಟಿಯಾಗಿ ಇಳಿಸಿಕೊಂಡಿತು. ಕಾದಂಬರಿಗಾರ್ತಿ ಆಂಡ್ರಿಯಾ ಬಾರ್ಟ್ಸ್ ಮತ್ತಿಬ್ಬರು ಲೇಖಕರು ದಾವೆ ಹೂಡಿದರು. ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ವಿಲಿಯಂ ಆಲ್ಸಪ್ 2025ರ ಜೂನ್ 23ರ ಆದೇಶದಲ್ಲಿ ಎರಡು ದಾರಿಗಳನ್ನೂ ಬೇರೆಬೇರೆಯಾಗಿ ತೂಗಿದರು: ತರಬೇತಿ ‘ನ್ಯಾಯಯುತ ಬಳಕೆ’, ಕೊಂಡ ಪುಸ್ತಕದ ಸ್ಕ್ಯಾನಿಂಗೂ ತಪ್ಪಲ್ಲ, ಕದ್ದ ಪ್ರತಿಗಳಿಂದ ಗ್ರಂಥಾಲಯ ಕಟ್ಟಿಕೊಂಡದ್ದಕ್ಕೆ ಮಾತ್ರ ಆ ರಕ್ಷಣೆ ಸಿಗದು.

ಎರಡೇ ದಿನದಲ್ಲಿ, ಲೇಖಕರು ಮೆಟಾ ವಿರುದ್ಧ ಹೂಡಿದ್ದ ಇಂಥದ್ದೇ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯದ ನ್ಯಾಯಾಧೀಶ ವಿನ್ಸ್ ಛಾಬ್ರಿಯಾ ಬೇರೆಯದೇ ಮಾತು ಹೇಳಿದರು. ಯಂತ್ರ ಬರೆದದ್ದು ಮಾರುಕಟ್ಟೆಯಲ್ಲಿ ತುಂಬಿಕೊಂಡು ಮೂಲ ಲೇಖಕರ ಮಾರಾಟ ಕುಸಿದರೆ ತರಬೇತಿಯೇ ಅಕ್ರಮವಾದೀತು ಎಂದರು. ಲೇಖಕರು ಪುರಾವೆ ಒದಗಿಸದ್ದರಿಂದ ಗೆದ್ದದ್ದು ಮೆಟಾ. ಆದರೂ ಲೇಖಕರ ಹೊಟ್ಟೆಪಾಡಿಗೆ ಪೆಟ್ಟು ಬೀಳುವ ಜಾಗವನ್ನು ಸರಿಯಾಗಿ ಗುರುತಿಸಿದವರು ಛಾಬ್ರಿಯಾ.

ಆಂಥ್ರೋಪಿಕ್ ರಾಜಿಗೆ ಬಂತು. ಮೊತ್ತ 150 ಕೋಟಿ ಡಾಲರ್. ಕೃತಿಗೆ ಸುಮಾರು 3,000 ಡಾಲರಿನಂತೆ ಸುಮಾರು 4.8 ಲಕ್ಷ ಕೃತಿಗಳಿಗೆ. 70 ಲಕ್ಷವೆಲ್ಲಿ, 4.8 ಲಕ್ಷವೆಲ್ಲಿ? ಒಂದೇ ಪುಸ್ತಕದ ಹಲವು ಪ್ರತಿಗಳಿದ್ದದ್ದು ಒಂದು ಕಾರಣ. ಪಟ್ಟಿಗೆ ಸೇರುವ ಷರತ್ತು ಇನ್ನೊಂದು: ಐಎಸ್‌ಬಿಎನ್ ಅಥವಾ ಅಮೆಜಾನ್ ಸಂಖ್ಯೆ ಇರಬೇಕು, ಪ್ರಕಟವಾದ ಐದು ವರ್ಷದೊಳಗೆ ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ಭಾರತದಲ್ಲಿ ಕೃತಿ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಹಾಗಿರುವಾಗ ಧಾರವಾಡದ ಪ್ರಕಾಶಕರು ವಾಷಿಂಗ್ಟನ್ನಿನಲ್ಲಿ ಯಾಕೆ ನೋಂದಾಯಿಸಿಯಾರು? ಅವರ ಪುಸ್ತಕವೊಂದು ಆ ಕಳ್ಳ ಸಂಗ್ರಹದಲ್ಲಿ ಇದ್ದರೂ ಈ ರಾಜಿಯಿಂದ ಅವರಿಗೆ ಬಿಡಿಗಾಸೂ ದಕ್ಕದು. ಇದು ಕಣ್ಣೆದುರಿನ ಅನ್ಯಾಯ.

ಅಮೆರಿಕದ ತೀರ್ಪನ್ನು ಇಲ್ಲಿಗೆ ಹಾಗೇ ತರುವಂತೆಯೂ ಇಲ್ಲ. ಯಂತ್ರದ ತರಬೇತಿಯನ್ನು ಆಲ್ಸಪ್ ಶಾಲಾಮಕ್ಕಳಿಗೆ ಬರವಣಿಗೆ ಕಲಿಸುವುದಕ್ಕೆ ಹೋಲಿಸಿದರು. ಆದರೆ ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿನಾಯಿತಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿ 2016ರಲ್ಲಿ ವಿದೇಶಿ ಪ್ರಕಾಶಕರ ಎದುರು ಗೆದ್ದದ್ದು ಬೋಧನೆಗೆಂದೇ ಇರುವ ಉಪಕಲಮಿನಿಂದ. ಅದು ಹೇಳುವುದು ಶಿಕ್ಷಕ ಮತ್ತು ವಿದ್ಯಾರ್ಥಿಯ ವಿಷಯ, ಸರ್ವರ್ ವಿದ್ಯಾರ್ಥಿಯಲ್ಲ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ವ್ಯಾಜ್ಯದಲ್ಲೂ ಸುಪ್ರೀಂ ಕೋರ್ಟ್ 2009ರಲ್ಲಿ ಇದೇ ಹಾದಿ ಹಿಡಿಯಿತು: ಕಾರಂತರ ಉಯಿಲಿನಿಂದ ಬಂದ ಹಕ್ಕನ್ನು ಎತ್ತಿಹಿಡಿದು, ಎದುರು ಕಕ್ಷಿಯಾದ ಮಣಿಪಾಲದ ಸಂಸ್ಥೆಗೆ 52ನೇ ಕಲಮಿನ ವಿನಾಯಿತಿಗಳಷ್ಟನ್ನೇ ಉಳಿಸಿತು.

ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ಓಪನ್‌ಎಐ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದಾಗ ಎದ್ದದ್ದೂ ಈ ಕಲಮಿನ ಪ್ರಶ್ನೆಯೇ. 2025ರ ಡಿಸೆಂಬರಿನಲ್ಲಿ ಕೇಂದ್ರದ ಸಮಿತಿಯೊಂದು ಕಡ್ಡಾಯ ಪರವಾನಗಿಯ ಪ್ರಸ್ತಾವ ಮುಂದಿಟ್ಟಿತು: ಲೇಖಕರು ಒಲ್ಲೆ ಎನ್ನುವಂತಿಲ್ಲ, ಕಂಪನಿಗಳು ರಾಯಧನ ಕೊಡಬೇಕು. ಒಪ್ಪಿಗೆ ಕೇಳುವ ಸೌಜನ್ಯವನ್ನೇ ಕೈಬಿಟ್ಟದ್ದು ಇದರ ದೊಡ್ಡ ಕೊರತೆ. ಹಣ ಹಂಚುವುದಕ್ಕಾದರೂ ಯಾವ ಕೃತಿಯ ಹಕ್ಕು ಯಾರದು ಎಂಬ ಲೆಕ್ಕ ಬೇಕು. ಕಾರಂತರು ತೀರಿಕೊಂಡದ್ದು 1997ರಲ್ಲಿ. ಲೇಖಕರ ಮರಣದ ನಂತರ 60 ವರ್ಷ ಎಂಬ ನಿಯಮದಂತೆ ಅವಧಿ 2057ರವರೆಗಿದೆ. ಅಂಥ ಪ್ರತಿಯೊಬ್ಬ ಕನ್ನಡ ಲೇಖಕರ ವಾರಸುದಾರರ ಪಟ್ಟಿಯನ್ನು ಸಾಹಿತ್ಯ ಅಕಾಡೆಮಿ, ಪುಸ್ತಕ ಪ್ರಾಧಿಕಾರಗಳು ಈಗಲೇ ಸಿದ್ಧಪಡಿಸಬೇಕು.